ಬೆಳ್ಳಿಯ ಆಪರೇಷನ್ ಮತ್ತ ಅದರ ಹಿಂದಿನ ಕಥಿ

ಹೋದ ತಿಂಗಳು ನಮ್ಮ ಬೆಳ್ಳಿಗೆ ಆಪರೇಷನ್ ಮಾಡಿಸಿದ್ವಿ. ಬೆಳ್ಳಿ ಅಂದ್ರ ನಮ್ಮನಿ ನಾಯಿ, ನಿಮಗೆಲ್ಲಾ ಗೊತ್ತಿದ್ದಾಕಿನ. ಮರಿ ಆಗದಂಗ ಮಾಡೋ ಆಪರೇಷನ್. ಸುದ್ದಿ ಓಣಿಯೊಳಗ ಹಬ್ಬಿದ ಕೂಡ್ಲೆ ಒಬ್ಬೊಬ್ರು ಒಂದೊಂದು ಮಾತು ಅಂದ್ರು. "ಪಾಪ, ಮೂಕ ಪ್ರಾಣಿ ತಾಯ್ತನ ಕಸಗೊಂಡ್ರೆಲ್ಲ" ಅಂದ್ರು ಬಾಜೂ ಮನಿ ಮಾವಶಿ. "ನಾಯಿಗೂ ಆಪರೇಷನ್ನಾ? ರೊಕ್ಕ ಹೆಚ್ಚಾಗ್ಯಾವೇನು ನಿಮಗ?" ಅಂತ ನಮ್ಮ ನೆಗೆಣ್ಣಿ ಫೋನಿನಾಗ ನಕ್ಕಳು. ನಮ್ಮ ಅವ್ವ ಮಾತ್ರ ಪಾಪ ಅನಲಿಲ್ಲ, ಪುಣ್ಯ ಅನಲಿಲ್ಲ. ಆಕಿ ಕೇಳಿದ್ದು ಒಂದಽ ಮಾತು: "ಎಷ್ಟು ದಿನ ಮಲಗಬೇಕಂತ?"

"ಹದಿನಾಕು ದಿನ" ಅಂದೆ. ಅವ್ವ ಸುಮ್ಮನಾದ್ಲು. ಯಾಕ ಸುಮ್ಮನಾದ್ಲು ಅನ್ನೋದು ನನಗ ತಿಳಿದದ್ದು ಮುಂದ. ಅದನ್ನ ಕಡೀಗೆ ಹೇಳ್ತೀನಿ.

"ಇದೆಲ್ಲಾ ಈಗಿನ ಕಾಲದ್ದು, ಹಿಂದಕ ಎಲ್ಲಿತ್ತು?" ಅಂತ ಭಾಳ ಮಂದಿ ಕೇಳಿದ್ರು. ನನಗೂ ಹಂಗಽ ಅನಸಿತ್ತು. ನಾನು ಓದಿದ್ದು ಪಿಯುಸಿ ತನಕ, ಅದೂ ಆರ್ಟ್ಸ್. ಇತಿಹಾಸ ಅಂದ್ರ ಆಗಿನಿಂದಲೂ ನನಗ ಪ್ರೀತಿ. ಬೆಳ್ಳಿ ಹತ್ರ ಹದಿನಾಕು ದಿನ ಕಾವಲು ಕೂತಾಗ, ಮಗಳು ತಂದುಕೊಟ್ಟದ್ದು, ಮೊಬೈಲಿನಾಗ ಹುಡುಕಿದ್ದು ಎಲ್ಲಾ ಸೇರಿಸಿ ಓದಿದೆ. ಓದಿದ್ದನ್ನ ನಿಮಗೂ ಹೇಳೋಣ ಅಂತ ಬರೀಲಿಕ್ಕೆ ಕೂತೀನಿ.

ಮೊದಲು, ನಾನು ಈ ಆಪರೇಷನ್‌ಗೆ ಒಪ್ಪಿದ್ದು ಯಾಕ ಅಂತ ಹೇಳಿಬಿಡ್ತೀನಿ.

ನಾನು ಹುಟ್ಟಿ ಬೆಳೆದದ್ದು ಹಳ್ಳ್ಯಾಗ. ನಾವು ನಾಕು ಮಂದಿ ಅಕ್ಕತಂಗೇರು, ಕಡೀಗೊಬ್ಬ ತಮ್ಮ. ನಮ್ಮಪ್ಪನ ಮನ್ಯಾಗ ಕೆಂಪಿ ಅಂತ ನಾಯಿ ಇತ್ತು. ವರ್ಷಕ್ಕ ಎರಡು ಸಲ ಮರಿ ಹಾಕೋದು. ಗಂಡು ಮರಿ ಇದ್ರ ಯಾರರೆ ಹೊಲ ಕಾಯಲಿಕ್ಕೆ ಒಯ್ತಿದ್ರು. ಹೆಣ್ಣು ಮರಿ ಯಾರಿಗೂ ಬ್ಯಾಡ. ಒಂದು ಸಲ ಅಪ್ಪ ನಾಕು ಹೆಣ್ಣು ಮರಿಗಳನ್ನ ಗೋಣಿಚೀಲಕ್ಕ ಹಾಕಿ, ಹಳ್ಳದ ಆಚೀಕಡೆ ಬಿಟ್ಟು ಬರ್ರಿ ಅಂತ ನನ್ನನ್ನೂ ನನ್ನ ತಂಗಿನ್ನೂ ಕಳಿಸಿದ. ನನಗ ಆಗ ಹತ್ತು ವರ್ಷ. ಚೀಲ ಬೆಚ್ಚಗಿತ್ತು. ಒಳಗ ಕುಂಯ್ ಕುಂಯ್ ಅಂತಿದ್ವು. ಬಿಟ್ಟು ಬಂದ್ವಿ. ಕೆಂಪಿ ನಾಕು ದಿನ ಹಿತ್ತಲದಾಗ, ಬಣವಿ ಹಿಂದ, ದನದ ಕೊಟ್ಟಿಗಿಯೊಳಗ ಹುಡುಕ್ಯಾಡಿದ್ಲು. ಅಪ್ಪಗೂ ಖುಷಿ ಇರಲಿಲ್ಲ, ಆದ್ರ ಬ್ಯಾರೆ ದಾರಿ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಬೆಳ್ಳಿ ಒಂದು ಸಲ ಐದು ಮರಿ ಹಾಕಿದ್ಲು. ಮೂರು ಗಂಡು ಮರಿ ತಿಂಗಳದಾಗ ಹೋದವು. ಎರಡು ಹೆಣ್ಣು ಮರಿಗೆ ಮನಿ ಹುಡುಕಲಿಕ್ಕೆ ನಾಕು ತಿಂಗಳು ಹಿಡೀತು. ಒಂದನ್ನ ನಮ್ಮ ಮಗಳ ಗೆಳತಿ ಒಯ್ದಳು. ಇನ್ನೊಂದನ್ನ, ಚುಕ್ಕಿನ್ನ, ಬಾಜೂ ಮನಿ ಮಾವಶಿನ ಇಟ್ಟುಕೊಂಡ್ರು. ಆ ನಾಕು ತಿಂಗಳು ನನ್ನ ಕಿವ್ಯಾಗ ಆ ಗೋಣಿಚೀಲದ ಸದ್ದು ಇತ್ತು. ಮತ್ತೊಮ್ಮೆ ಬ್ಯಾಡ ಅಂತ ಅವತ್ತಽ ನಿಶ್ಚಯ ಮಾಡಿದೆ.

ಈಗ ಇತಿಹಾಸಕ್ಕ ಬರೋಣ.

ಈ ಆಪರೇಷನ್ ಹೊಸದಲ್ಲ. ಎರಡು ಸಾವಿರದ ಮುನ್ನೂರು ವರ್ಷದ ಹಿಂದ ಗ್ರೀಸಿನ ಅರಿಸ್ಟಾಟಲ್ ಪ್ರಾಣಿಗಳ ಬಗ್ಗೆ ಬರೆದ ಪುಸ್ತಕದಾಗ ಇದರ ಮಾತು ಬರ್ತದ. ಹೆಣ್ಣು ಹಂದಿಗೆ ಮರಿ ಆಗದಂಗ ಕೊಯ್ದು ತಗೀತಿದ್ರು, ಯುದ್ಧಕ್ಕ ಬೇಕಾದ ಹೆಣ್ಣು ಒಂಟಿಗೂ ಹಂಗಽ ಮಾಡ್ತಿದ್ರು ಅಂತ ಆತ ಬರದಾನ. ಮುಂದ ಯುರೋಪಿನ ಹಳ್ಳಿಗಳೊಳಗ ಈ ಕೆಲಸ ಮಾಡೋ ಮಂದಿನ ಬ್ಯಾರೆ ಇದ್ರು. ಇಂಗ್ಲೆಂಡಿನಾಗ ಅವರು ಕೊಂಬು ಊದಕೋತ ಊರೂರು ತಿರುಗ್ತಿದ್ರಂತ, ನಮ್ಮ ಕಡೆ ಕಲಾಯಿ ಹಚ್ಚೋವ್ರು ಕೂಗಕೋತ ಬರ್ತಿದ್ರಲ್ಲ, ಹಂಗ. ಇಂಗ್ಲಿಷಿನಾಗ ಈ ಆಪರೇಷನ್‌ಗೆ 'ಸ್ಪೇ' ಅಂತಾರ. ಆ ಶಬ್ದ ಬಂದದ್ದು ಹಳೇ ಫ್ರೆಂಚಿನ ಖಡ್ಗ ಅನ್ನೋ ಅರ್ಥದ ಶಬ್ದದಿಂದ. ಆಗಿನ ಕಾಲದಾಗ ಇದು ಹೆಂಗ ಆಗ್ತಿತ್ತು ಅಂತ ಆ ಶಬ್ದನ ಹೇಳ್ತದ. ಅರಿವಳಿಕೆ ಇಲ್ಲ, ಔಷಧ ಇಲ್ಲ. ನಾಕು ಮಂದಿ ಒತ್ತಿ ಹಿಡಿಯೋದು, ಒಬ್ಬ ಕೊಯ್ಯೋದು.

ನಮ್ಮ ಹಳ್ಳ್ಯಾಗೂ ಹೋರಿ ಬೀಜ ಒಡಿಸ್ತಿದ್ರಲ್ಲ, ನೆನಪದ ಏನು? ಹಂಗ ಮಾಡಿದ್ರಽ ಅದು ಎತ್ತಾಗೋದು, ನೊಗಕ್ಕ ಬರೋದು. ಅದನ್ನ ಯಾರೂ ಪಾಪ ಅನಲಿಲ್ಲ. ಹೆಣ್ಣು ನಾಯಿಗೆ, ಅದೂ ಅದರ ಒಳ್ಳೇದಕ್ಕ, ನೋವಾಗದಂಗ ಮಾಡಿದ್ರ ಮಾತ್ರ ನಮಗ ಪಾಪ ನೆನಪಾಗ್ತದ.

ಹೆಣ್ಣುಮಕ್ಕಳ ಹೊಟ್ಟಿ ಕೊಯ್ದು ಉಳಿಸಿದ ಕಥಿ ಒಂದು ಓದಿದೆ, ನಿಮಗ ಹೇಳಽಬೇಕು. 1809ರ ಡಿಸೆಂಬರ್. ಅಮೆರಿಕಾದ ಕೆಂಟಕಿ ಸೀಮ್ಯಾಗ ಜೇನ್ ಟಾಡ್ ಕ್ರಾಫರ್ಡ್ ಅಂತ ಒಬ್ಬ ಹೆಣ್ಣುಮಗಳು. ನಾಕೈದು ಮಕ್ಕಳ ತಾಯಿ, ನಲವತ್ತು ದಾಟಿದಾಕಿ. ಹೊಟ್ಟಿ ಬೆಳೀಲಿಕ್ಹತ್ತಿತ್ತು, ಎಲ್ಲಾರೂ ಬಸಿರು ಅಂದ್ರು. ಎಫ್ರೈಮ್ ಮ್ಯಾಕ್‌ಡವೆಲ್ ಅನ್ನೋ ಡಾಕ್ಟರ್ ನೋಡಿ, ಇದು ಕೂಸಲ್ಲ, ಅಂಡಾಶಯದ ಗಡ್ಡಿ ಅಂದ. ಆಪರೇಷನ್ ಮಾಡಿದ್ರ ಉಳೀತೀಯೋ ಇಲ್ಲೋ ಹೇಳಲಿಕ್ಕೆ ಬರೂದಿಲ್ಲ ಅಂತ ಮುಂಚೇನಽ ಹೇಳಿದ. ಆಕಿ ಕುದುರಿ ಏರಿ ಅರವತ್ತು ಮೈಲು ಬಂದಳು. ಅರಿವಳಿಕೆ ಇಲ್ಲದಽ ಇಪ್ಪತ್ತೈದು ನಿಮಿಷದಾಗ ಆತ ಸುಮಾರು ಹತ್ತು ಕಿಲೋ ತೂಕದ ಗಡ್ಡಿ ತಗದ. ಆ ಹೊತ್ತಿನಾಗ ಆಕಿ ದೇವರ ಸ್ತುತಿ ಹೇಳಕೋತ ಇದ್ದಳಂತ. ಐದನೇ ದಿನ ಡಾಕ್ಟರ್ ನೋಡಲಿಕ್ಕೆ ಹೋದ್ರ, ಆಕಿ ಎದ್ದು ತನ್ನ ಹಾಸಿಗಿ ತಾನಽ ಸರಿ ಮಾಡಕೋತ ನಿಂತಿದ್ದಳು! ಡಾಕ್ಟರ್ ಬೈದು ಮಲಗಿಸಿದ. ಇಪ್ಪತ್ತೈದು ದಿನಕ್ಕ ಮನಿಗೆ ಹೋದಾಕಿ ಮುಂದ ಮೂವತ್ತಕ್ಕೂ ಹೆಚ್ಚು ವರ್ಷ ಬದುಕಿದ್ಲು. ಅಂಡಾಶಯದ ಆಪರೇಷನ್‌ಗೆ ಇದನ್ನಽ ಮೊದಲ ಮೆಟ್ಟಿಲು ಅಂತ ಎಲ್ಲಾರೂ ಹೇಳ್ತಾರ.

ಐದನೇ ದಿನಕ್ಕ ಹಾಸಿಗಿ ಸರಿ ಮಾಡೋದು! ಹೆಣ್ಣುಮಕ್ಕಳು ಯಾವ ದೇಶದಾಗ ಇದ್ದರೂ ಒಂದಽ ನೋಡ್ರಿ.

ಬೆಳ್ಳಿ ಕಡೆ ಬರ್ತೀನಿ. ಆಪರೇಷನ್ನಿನ ಹಿಂದಿನ ದಿನ ಡಾಕ್ಟರು ಹೇಳಿದ್ದು: ರಾತ್ರಿ ಒಂಬತ್ತರ ಮ್ಯಾಲೆ ಒಂದು ತುತ್ತೂ ಹಾಕಬ್ಯಾಡ್ರಿ, ಬೆಳಿಗ್ಗೆ ತನಕ ನೀರು ನಡೀತದ. ಅದಕ್ಕೂ ಮೊದಲು ರಕ್ತ ತಪಾಸಣಿ ಆಗಿತ್ತು. ಚುಚ್ಚುಮದ್ದೆಲ್ಲಾ ಹಾಕಿಸ್ಯದೋ ಇಲ್ಲೋ ನೋಡಿದ್ರು. ಬೆದಿಗೆ ಬಂದು ಎಷ್ಟು ದಿನ ಆತು ಅಂತ ಕೇಳಿದ್ರು. ಬೆದಿಗೆ ಬಂದಾಗ ಗರ್ಭಕೋಶಕ್ಕ ರಕ್ತ ಹೆಚ್ಚು ಹರೀತದಂತ, ಅದಕ್ಕಽ ಎರಡು ಮೂರು ತಿಂಗಳು ಬಿಟ್ಟು ಮಾಡೋದು ಛೊಲೊ. ಆಪರೇಷನ್ ಯಾಕ ಬೇಕು ಅಂತನೂ ತಿಳಿಸಿ ಹೇಳಿದ್ರು. ವಯಸ್ಸಾದ ಹೆಣ್ಣು ನಾಯಿಗೆ ಗರ್ಭಕೋಶದಾಗ ಕೀವು ತುಂಬೋದು ಭಾಳ, ಅದು ಜೀವಕ್ಕಽ ಬರ್ತದ. ಗರ್ಭಕೋಶನ ಇಲ್ಲ ಅಂದ್ರ ಆ ಅಂಜಿಕಿ ಇಲ್ಲ.

ಉಪಾಸ ಯಾಕ ಅಂದ್ರ, ಅರಿವಳಿಕೆ ಕೊಟ್ಟಾಗ ವಾಂತಿ ಆದ್ರ ಅದು ಶ್ವಾಸಕೋಶದೊಳಗ ಇಳೀತದ. ಆ ರಾತ್ರಿ ಬೆಳ್ಳಿ ತಾಟು ಬಾಯಾಗ ಹಿಡಕೊಂಡು ಬಂದು ನನ್ನ ಮುಂದ ಇಟ್ಟಳು. ನಾನು ಒಳಗ ಹೋಗಿ ಬಾಗಿಲಾ ಹಾಕ್ಕೊಂಡೆ.

ಈ ಅರಿವಳಿಕೆ ಅನ್ನೋದು ಬಂದು ಇನ್ನೂ ಇನ್ನೂರು ವರ್ಷ ಆಗಿಲ್ಲ. 1846ರ ಅಕ್ಟೋಬರ್ 16ಕ್ಕ ಬೋಸ್ಟನ್ನಿನ ಆಸ್ಪತ್ರಿಯೊಳಗ ವಿಲಿಯಂ ಮಾರ್ಟನ್ ಅನ್ನೋ ಹಲ್ಲಿನ ಡಾಕ್ಟರ್ ಈಥರ್ ಮೂಸಿಸಿ ಎಲ್ಲಾರ ಮುಂದ ರೋಗಿಗೆ ನೋವಾಗದಂಗ ಮಾಡಿ ತೋರಿಸಿದ. ಮರುವರ್ಷ 1847ರಾಗ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರ್ಮ್ ತಂದ, ಅದನ್ನ ಹೆರಿಗಿ ನೋವಿಗೂ ಕೊಡಲಿಕ್ಕೆ ಸುರು ಮಾಡಿದ. ಹೆರಿಗಿ ನೋವು ದೇವರು ಕೊಟ್ಟದ್ದು, ಅದನ್ನ ತಪ್ಪಿಸಬಾರದು ಅಂತ ಅಂದವರೂ ಇದ್ರು. 1853ರಾಗ ರಾಣಿ ವಿಕ್ಟೋರಿಯಾ ತನ್ನ ಎಂಟನೇ ಹೆರಿಗಿಗೆ ಕ್ಲೋರೋಫಾರ್ಮ್ ತಗೊಂಡ ಮ್ಯಾಲೆ ಆ ಬಾಯಿ ಕಡಿಮಿ ಆದವು.

ಮುಂದಿನದು ಓದಿದಾಗ ಮಾತ್ರ ನಾನು ಪುಸ್ತಕ ಮುಚ್ಚಿಟ್ಟು ಬೆಳ್ಳಿ ತಲಿ ಸವರಿದೆ. ಕ್ಲೋರೋಫಾರ್ಮ್ ಕೊಟ್ಟಾಗ ಕೆಲವರು ಮ್ಯಾಲೆ ಏಳತಿರಲಿಲ್ಲ. ಮೊದಲು ಉಸಿರು ನಿಲ್ತದೋ, ಎದಿ ನಿಲ್ತದೋ ಅಂತ ಡಾಕ್ಟರಗಳೊಳಗ ದೊಡ್ಡ ವಾದ. ಅದನ್ನ ಬಗೆಹರಿಸಲಿಕ್ಕೆ 1888ರಾಗ ಒಮ್ಮೆ, 1889ರಾಗ ಇನ್ನೊಮ್ಮೆ ಹೈದರಾಬಾದಿನಾಗ ಕ್ಲೋರೋಫಾರ್ಮ್ ಕಮಿಷನ್ ಕೂತಿತು. ಅಲ್ಲಿ ವೈದ್ಯಕೀಯ ಶಾಲೆಯ ಎಡ್ವರ್ಡ್ ಲಾರಿ ಅದರ ಮುಂದಾಳು, ರೊಕ್ಕ ನಿಜಾಮಂದು. ನಮ್ಮ ಕಲಬುರಗಿ, ರಾಯಚೂರು, ಬೀದರ್ ಎಲ್ಲಾ ಆಗ ಅದಽ ನಿಜಾಮನ ರಾಜ್ಯದಾಗ ಇದ್ದವು. ನೂರಾರು ಪ್ರಾಣಿಗಳ ಮ್ಯಾಲೆ ಪ್ರಯೋಗ ಮಾಡಿದ್ರು. ಅದರೊಳಗ ಬಹುತೇಕ ನಾಯಿಗಳು. ಉಸಿರಾಟದ ಮ್ಯಾಲೆ ಕಣ್ಣಿಡ್ರಿ ಅಂತ ಆ ಕಮಿಷನ್ ಹೇಳಿತು. ಎದಿನೂ ಒಮ್ಮೆಲೆ ನಿಲ್ಲಬಹುದು ಅನ್ನೋದು ಮುಂದ 1911ರ ಹೊತ್ತಿಗೆ ಇನ್ನೊಬ್ರು ತೋರಿಸಿಕೊಟ್ರು. ಆ ಕಾಲದಾಗ ಹೈದರಾಬಾದಿನಾಗಽ ರೂಪಾಬಾಯಿ ಫರ್ದೂನ್‌ಜಿ ಅನ್ನೋ ಪಾರ್ಸಿ ಹೆಣ್ಣುಮಗಳು ವೈದ್ಯಕೀಯ ಓದಿ ಕ್ಲೋರೋಫಾರ್ಮ್ ಕೊಡಲಿಕ್ಕೆ ಕಲಿತರು. ಜಗತ್ತಿನ ಮೊದಲ ಅರಿವಳಿಕೆ ವೈದ್ಯೆ ಅಂತ ಅವರನ್ನ ಕರೀತಾರ.

ಈಗ ಬೆಳ್ಳಿಗೆ ಅರಿವಳಿಕೆ ಕೊಟ್ಟಾಗ ನಾಲಿಗಿಗೆ ಒಂದು ಸಣ್ಣ ಚಿಮಟಿ ಹಾಕಿದ್ರು. ನಾಡಿ ಎಷ್ಟು, ರಕ್ತದಾಗ ಆಮ್ಲಜನಕ ಎಷ್ಟು ಅಂತ ಪರದೆ ಮ್ಯಾಲೆ ಕಾಣಸ್ತಿತ್ತು. ಆಕಿ ಉಸಿರೂ ಎದಿನೂ ಎರಡನ್ನೂ ಕಾಯಲಿಕ್ಕೆ ಮನುಷ್ಯ ಕಲ್ತದ್ದು ಆಕಿ ಕುಲದವರ ಜೀವ ತಗೊಂಡು. ಆಪರೇಷನ್ ಕೋಣಿ ಹೊರಗ ಕೂತಾಗ ನನಗ ಇದು ಗೊತ್ತಿರಲಿಲ್ಲ. ಗೊತ್ತಿದ್ದಿದ್ರ ಅವತ್ತು ಸುಮ್ಮನ ಕೂಡಲಿಕ್ಕೆ ಆಗ್ತಿರಲಿಲ್ಲ.

ಹೊಲಿಗಿ ವಿಷಯನೂ ಹಂಗಽ. ಅರಿವಳಿಕೆ ಬಂತು, ಆದ್ರ ಆಪರೇಷನ್ ಆದವರು ನಂಜಾಗಿ ಸಾಯೋದು ನಿಲ್ಲಲಿಲ್ಲ. 1865ರಾಗ ಗ್ಲಾಸ್ಗೋದ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲ ಹಚ್ಚಿ ಗಾಯ ಸ್ವಚ್ಛ ಇಡೋ ರೀತಿ ಸುರು ಮಾಡಿದ, 1867ರಾಗ ಅದನ್ನ ಬರೆದು ಪ್ರಕಟಿಸಿದ. ಹೊಲಿಗಿ ದಾರಾನೂ ಆತ ಔಷಧದಾಗ ನೆನಸಿ ಬಳಸಿದ. 'ಕ್ಯಾಟ್‌ಗಟ್' ಅನ್ನೋ ಆ ದಾರದ ಹೆಸರಿನಾಗ ಬೆಕ್ಕದ ಖರೆ, ಆದ್ರ ಅದು ಮಾಡೋದು ಕುರಿ ಕರುಳಿನಿಂದ. ಒಳಗಽ ಕರಗಿ ಹೋಗ್ತದ. ಈಗ ಅದಕ್ಕ ಬದಲಿ ರಾಸಾಯನಿಕದಿಂದ ಮಾಡಿದ ದಾರ ಬಂದಾವ. ಬೆಳ್ಳಿಗೆ ಒಳಗ ಹಾಕಿದ್ದು ಅಂಥಾದ್ದಽ.

ಡಾಕ್ಟರು ಹಾಕ್ಕೊಳ್ಳೋ ರಬ್ಬರ್ ಕೈಗವಸು ಬಂದದ್ದಂತೂ ಒಬ್ಬ ನರ್ಸಿನ ಕೈ ಸಲುವಾಗಿ. ಬಾಲ್ಟಿಮೋರಿನ ಆಸ್ಪತ್ರಿಯೊಳಗ ಕ್ಯಾರೊಲಿನ್ ಹ್ಯಾಂಪ್ಟನ್ ಅನ್ನೋಕಿ ಕೈ ಔಷಧದ ನೀರಿಗೆ ಸುಲಿದು ಹೋಗ್ತಿದ್ವು. 1889ರ ಸುಮಾರಿಗೆ ಅಲ್ಲಿಯ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಆಕಿಗಂತ ತೆಳುವು ರಬ್ಬರ್ ಕೈಗವಸು ಮಾಡಿಸಿಕೊಟ್ಟ. ಮುಂದ ಆಕಿನ್ನಽ ಮದುವೀನೂ ಆದ. ಭಾಂಡಿ ತಿಕ್ಕಿ ತಿಕ್ಕಿ ಕೈ ಸುಲಿದ ನಮಗ ಯಾರೂ ಮಾಡಿಸಿಕೊಡಲಿಲ್ಲ ಬಿಡ್ರಿ!

ಬೆಳ್ಳಿನ್ನ ಸಂಜಿ ಮನಿಗೆ ಕರಕೊಂಡು ಬಂದ್ವಿ. ಕಣ್ಣು ತೆರದಿದ್ಲು, ಆದ್ರ ಯಾರನ್ನೂ ಗುರ್ತು ಹಿಡೀಲಿಲ್ಲ. ಮೈ ನಡಗತಿತ್ತು. ಹಳೇ ಕೌದಿ ಹೊಚ್ಚಿ ಪಡಸಾಲ್ಯಾಗ ನೆಲದ ಮ್ಯಾಲೆ ಮಲಗಿಸಿದ್ವಿ, ಮಂಚದ ಮ್ಯಾಲೆ ಅಲ್ಲ, ಬಿದ್ದುಗಿದ್ದಾಳು ಅಂತ. ಮೊದಲು ಒಂದೆರಡು ಗುಟುಕು ನೀರು, ಅದು ದಕ್ಕಿದ ಮ್ಯಾಲೆ ಸ್ವಲ್ಪ ಗಂಜಿ. ಡಾಕ್ಟರು ಬರೆದುಕೊಟ್ಟ ಗುಳಿಗಿ ಬಿಟ್ಟು ಬ್ಯಾರೆ ಏನೂ ಕೊಡಲಿಲ್ಲ. ಇದು ನೀವು ನೆನಪಿಟ್ಟುಕೊಳ್ರಿ: ನಾವು ತಲಿಶೂಲಿಗೆ, ಮೈಕೈ ನೋವಿಗೆ ತಗೊಳ್ಳೋ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಗುಳಿಗಿ ನಾಯಿಗೆ ಕೊಡಬಾರದು, ವಿಷ ಆಗ್ತದ. ಬೆಕ್ಕಿಗಂತೂ ಇನ್ನೂ ಕೆಟ್ಟದ್ದು. ನಮ್ಮ ಅತ್ತಿಯವರು ಗಾಯಕ್ಕ ಅರಿಶಿಣ ಹಚ್ಚು ಅಂದ್ರು. ಡಾಕ್ಟರು ಅದೂ ಬ್ಯಾಡ ಅಂದಿದ್ರು. ಗಾಯ ಒಣಗಿರಬೇಕು, ಅಷ್ಟಽ.

ಹದಿನಾಕು ದಿನ ಓಡಬಾರದು, ಹಾರಬಾರದು, ಮೆಟ್ಟಿಲಾ ಏರಬಾರದು, ಸ್ನಾನ ಇಲ್ಲ. ದಿನಕ್ಕ ಎರಡು ಸಲ ಹೊಲಿಗಿ ನೋಡೋದು: ಬಾವು ಹೆಚ್ಚಾಗ್ಯದೇನು, ರಕ್ತ ಕೀವು ಬರ್ತದೇನು, ವಾಸನಿ ಬರ್ತದೇನು. ಬಯಲಿಗೆ ಹೋಗಲಿಕ್ಕೆ ಹಗ್ಗ ಹಿಡಕೊಂಡು ಒಯ್ಯೋದು. ಮತ್ತ ಕೊರಳಿಗೆ ಒಂದು ಪ್ಲಾಸ್ಟಿಕ್ಕಿನ ಗಾಳ ಹಾಕಿದಂಗ ಅಗಲದ ಪಟ್ಟಿ, ಗಾಯ ನೆಕ್ಕಬಾರದು ಅಂತ. ಇಂಗ್ಲಿಷಿನಾಗ ಅದಕ್ಕ ಎಲಿಜಬೆತ್ ಕಾಲರ್ ಅಂತಾರ. ನಾನೂರು ವರ್ಷದ ಹಿಂದಿನ ರಾಣಿ ಎಲಿಜಬೆತ್ತಳ ಕಾಲದಾಗ ದೊಡ್ಡ ಮಂದಿ ಕೊರಳ ಸುತ್ತ ನಿರಿಗಿ ನಿರಿಗಿ ಪಟ್ಟಿ ಹಾಕ್ಕೋತಿದ್ರಲ್ಲ, ಅದರ ಹಂಗ ಕಾಣ್ತದ ಅಂತ ಈ ಹೆಸರು.

ನಮ್ಮ ಬೆಳ್ಳಿ ರಾಣಿ ಹಂಗ ಏನೂ ಕಾಣಲಿಲ್ಲ. ಬಾಗಿಲಾಗ ಬಡಕೋತ, ಖುರ್ಚಿಗೆ ಬಡಕೋತ ತಿರಗತಿದ್ಲು. ಮೂರನೇ ರಾತ್ರಿ ಆಕಿ ಕೊರಳು ಕೆರಕೊಳ್ಳೋದು ನೋಡಲಿಕ್ಕೆ ಆಗಲಿಲ್ಲ. ಒಂದು ತಾಸು ಇರಲಿ ಪಾಪ ಅಂತ ಆ ಪಟ್ಟಿ ತಗದೆ. ಬಾಜೂಕಽ ಕೂತಿದ್ದೆ, ಆದ್ರ ದಣಿದಿದ್ದೆ, ಕಣ್ಣು ಹತ್ತಿತು. ಅವ್ವ ಬಂದು ಅಲುಗಾಡಿಸಿದಾಗ ಎಚ್ಚರ. ಬೆಳ್ಳಿ ನೆಕ್ಕಿ ನೆಕ್ಕಿ ಎರಡು ಹೊಲಿಗಿ ಬಿಚ್ಚಿದ್ಲು. ಕೌದಿ ಮ್ಯಾಲೆ ರಕ್ತ. ಮುಂಜಾನೆ ಏಳಕ್ಕಽ ದವಾಖಾನಿಗೆ ಓಡಿದ್ವಿ. ಒಳಗಿನ ಹೊಲಿಗಿ ಗಟ್ಟಿ ಇದ್ವು, ಪುಣ್ಯಾ. ಮ್ಯಾಲಿಂದು ಮತ್ತೊಮ್ಮೆ ಹಾಕಿದ್ರು. ಡಾಕ್ಟರು ಬೈಲಿಲ್ಲ, ಆದ್ರ ಹಾಕಿದ ಸೂಜಿಯೆಲ್ಲಾ ನನಗಽ ಚುಚ್ಚಿದಂಗ ಆತು. ನನ್ನ ಮರುಕದಿಂದ ಆಕಿಗೆ ಎರಡನೇ ಸಲ ನೋವು. ನೀವು ಹಂಗ ಮಾಡಬ್ಯಾಡ್ರಿ. ಪಟ್ಟಿ ಅಂದ್ರ ಪಟ್ಟಿ, ಡಾಕ್ಟರು ತಗೀ ಅನ್ನೋ ತನಕ.

ಅವತ್ತು ರಾತ್ರಿ ನಾನೂ ಅವ್ವನೂ ಇಬ್ಬರೂ ಬೆಳ್ಳಿ ಹತ್ರಽ ಮಲಗಿದ್ವಿ. ದೀಪಾ ಆರಿಸಿದ ಮ್ಯಾಲೆ ಅವ್ವ ಮಾತು ತಗದ್ಲು.

ನಮ್ಮ ತಮ್ಮ ಹುಟ್ಟಿದ ಮ್ಯಾಲೆ ಅವ್ವಗ ಆಪರೇಷನ್ ಆಗಿತ್ತು. ಅದು ನನಗ ಮಸಕು ಮಸಕು ನೆನಪದ. ನಮ್ಮ ದೇಶ 1952ರಾಗಽ ಕುಟುಂಬ ಯೋಜನಾ ಕಾರ್ಯಕ್ರಮ ಸುರು ಮಾಡಿತ್ತು. ಅದಕ್ಕೂ ಮೊದಲು, 1930ರಾಗ, ಮೈಸೂರು ಸಂಸ್ಥಾನದ ಸರ್ಕಾರ ಸಂತತಿ ನಿಯಂತ್ರಣದ ಚಿಕಿತ್ಸಾಲಯ ತಗದಿತ್ತು ಅಂತ ಓದಿದಾಗ ನನಗ ಆಶ್ಚರ್ಯ ಆತು. ನಾವು ಸಣ್ಣವರಿದ್ದಾಗ ಹಳ್ಳಿಗಳೊಳಗ ಕ್ಯಾಂಪ್ ಹಾಕ್ತಿದ್ರು. ಹೆಣ್ಣುಮಕ್ಕಳನ್ನ ಸಾಲಾಗಿ ಮಲಗಿಸಿ ಆಪರೇಷನ್ ಮಾಡ್ತಿದ್ರು. ನಮ್ಮ ಕಡೆ ಈಗಲೂ 'ಆಪರೇಷನ್ ಆಗ್ಯದ' ಅಂದ್ರ ಅದಽ ಅರ್ಥ, ಬ್ಯಾರೆ ಹೆಸರು ಬೇಕಾಗಿಲ್ಲ.

"ಚಕ್ಕಡಿಯೊಳಗ ಹುಲ್ಲು ಹಾಸಿ ಕರಕೊಂಡು ಬಂದ್ರು" ಅಂದ್ಲು ಅವ್ವ. "ಎರಡು ದಿನ ಮಲಗಿದೆ. ಮೂರನೇ ದಿನಕ್ಕ ಸುಗ್ಗಿ ಆಳು ಬಂದ್ರು, ಹನ್ನೆರಡು ಮಂದಿ. ಯಾರು ಬಡಿಬೇಕು ರೊಟ್ಟಿ? ನಾನಽ ಒಲಿ ಮುಂದ ಕೂತೆ. ನಿಮ್ಮಜ್ಜಿ ಕೆಟ್ಟಾಕಿ ಅಲ್ಲ. ಆಕಿ ತನ್ನ ಬಾಣಂತನದಾಗೂ ಹಂಗಽ ಎದ್ದಾಕಿ. ಕೊಡ ಎತ್ತಿದಾಗ ಹೊಲಿಗಿ ಹರೀತು. ಎರಡು ತಿಂಗಳು ಕೀವು ಸೋರಿತು. ಯಾರ ಮುಂದ ಹೇಳೋದು?"

ನಾನು ಏನೂ ಅನಲಿಲ್ಲ. ಮೂರನೇ ದಿನ ಬೆಳ್ಳಿ ಹೊಲಿಗಿ ಬಿಚ್ಚಿದ್ದಕ್ಕ ನಾವು ಮನಿ ಮಂದಿ ಎಲ್ಲಾ ಆಟೋ ಮಾಡಿಕೊಂಡು ಓಡಿದ್ವಿ. ಮೂರನೇ ದಿನ ಅವ್ವನ ಹೊಲಿಗಿ ಹರಿದಾಗ ಆಕಿ ಹಿಟ್ಟಿನ ಕೈಲೆ ಸೆರಗು ಒತ್ತಿ ಹಿಡಕೊಂಡು ರೊಟ್ಟಿ ಬಡದ್ಲು. ನಾನು ಒಂಬತ್ತು ವರ್ಷದಾಕಿ, ಆ ರೊಟ್ಟಿ ಉಂಡಿರಬೇಕು. "ಎಷ್ಟು ದಿನ ಮಲಗಬೇಕಂತ?" ಅಂತ ಅವ್ವ ಕೇಳಿದ್ದು ಯಾಕ ಅಂತ ನನಗ ಅವತ್ತು ತಿಳೀತು. ಆ ಪ್ರಶ್ನೆ ಆಕಿ ಸಲುವಾಗಿ ಯಾರೂ ಕೇಳಿರಲಿಲ್ಲ.

"ನಾಯಿಗೆ ಇಷ್ಟು ಮಾಡ್ತೀವಿ ಅಂತ ನಿನಗ ಬ್ಯಾಸರಾತೇನವ್ವಾ?" ಅಂತ ಕೇಳಿದೆ. "ಬ್ಯಾಸರ ಯಾಕ? ಒಬ್ಬರಿಗರೆ ಸಿಕ್ತಲ್ಲ" ಅಂದ್ಲು. ಆಮ್ಯಾಲೆ ಹನ್ನೊಂದು ದಿನ ಬೆಳ್ಳಿ ಕಾವಲು ಆಕೀನಽ ಮಾಡಿದ್ಲು. ನನ್ನ ಮ್ಯಾಲೆ ಆಕಿಗೆ ನಂಬಿಕಿ ಉಳಿದಿರಲಿಲ್ಲ!

ಬೀದಿ ನಾಯಿಗಳ ಮಾತೂ ಸ್ವಲ್ಪ ಹೇಳಬೇಕು, ಇತಿಹಾಸ ಅಂದ ಮ್ಯಾಲೆ. ನಮ್ಮ ಧಾರವಾಡ ಸೀಮಿ ಹಿಂದಕ ಮುಂಬಯಿ ಇಲಾಖೆಯೊಳಗ ಇತ್ತು. ಆ ಮುಂಬಯಿಯೊಳಗ 1832ರ ಜೂನ್ ತಿಂಗಳದಾಗ ಬ್ರಿಟಿಷರು ಬೀದಿ ನಾಯಿ ಕೊಲ್ಲಲಿಕ್ಕೆ ಇನಾಮು ಕೊಡ್ತೀವಿ ಅಂದಾಗ ದೊಡ್ಡ ಗಲಾಟೆ ಆತು. ನಾಯಿ ಅಂದ್ರ ಪವಿತ್ರ ಅನ್ನೋ ಪಾರ್ಸಿ ಮಂದಿ ಅಂಗಡಿ ಮುಚ್ಚಿ ಬೀದಿಗಿಳಿದ್ರು. ಆದ್ರ ಕೊಲ್ಲೋದು ದೇಶದಾಗ ನಿಲ್ಲಲಿಲ್ಲ. ಮದರಾಸಿನಾಗ ನೂರಕ್ಕಿಂತ ಹೆಚ್ಚು ವರ್ಷ ನಗರಸಭಾದವರು ನಾಯಿ ಹಿಡಿದು ಕೊಂದ್ರು. ನಾಯಿ ಕಡಿಮಿ ಆಗಲಿಲ್ಲ, ಹುಚ್ಚುನಾಯಿ ರೋಗನೂ ಹೋಗಲಿಲ್ಲ. ಅಲ್ಲಿಯ ಬ್ಲೂ ಕ್ರಾಸ್ ಸಂಸ್ಥಾದವರು, ಕೊಲ್ಲಬ್ಯಾಡ್ರಿ, ಆಪರೇಷನ್ ಮಾಡಿ ಚುಚ್ಚುಮದ್ದು ಹಾಕಿ ಬಿಡ್ರಿ ಅಂತ ಬೆನ್ನು ಹತ್ತಿದ್ರು. ಮೂವತ್ತು ವರ್ಷದ ಮ್ಯಾಲೆ, 1996ರಾಗ, ಚೆನ್ನೈ ಪಾಲಿಕೆ ಒಪ್ಪಿತು. 2001ರಾಗ ಇಡೀ ದೇಶಕ್ಕ ನಿಯಮ ಬಂತು, 2023ರಾಗ ಅದನ್ನ ಹೊಸದಾಗಿ ಬರೆದ್ರು. ಹೋದ ವರ್ಷಗಳೊಳಗ ಕೋರ್ಟಿನ ಸುದ್ದಿ ನೀವೂ ನೋಡಿರಬೇಕು. 2025ರ ಆಗಸ್ಟಿನಾಗ ದಿಲ್ಲಿ ನಾಯಿಗಳನ್ನೆಲ್ಲಾ ಆಶ್ರಯಕ್ಕ ಒಯ್ಯಬೇಕು ಅಂತ ಮೊದಲು ಹೇಳಿದ ಸುಪ್ರೀಂ ಕೋರ್ಟು, ಅದಽ ತಿಂಗಳು 22ಕ್ಕ ಅದನ್ನ ಬದಲಿಸಿತು: ಆಪರೇಷನ್ ಮಾಡಿ, ಚುಚ್ಚುಮದ್ದು ಹಾಕಿ, ಹಿಡಿದ ಜಾಗಾದಾಗಽ ಬಿಡ್ರಿ, ಹುಚ್ಚು ಹಿಡಿದದ್ದು, ಕಡಿಯೋ ಸ್ವಭಾವದ್ದು ಮಾತ್ರ ಬಿಡಬ್ಯಾಡ್ರಿ ಅಂತ. ಓಣಿಯೊಳಗ ಕಿವಿ ತುದಿ ಸ್ವಲ್ಪ ಕತ್ತರಿಸಿದ ನಾಯಿ ಕಂಡ್ರ, ಯಾರೋ ಕೊಯ್ದಾರ ಅಂತ ಮರುಗಬ್ಯಾಡ್ರಿ. ಆಪರೇಷನ್ ಆಗ್ಯದ ಅನ್ನೋ ಗುರ್ತು ಅದು.

ಹದಿನಾಕನೇ ದಿನ ಬೆಳ್ಳಿ ಹೊಲಿಗಿ ತಗದ್ರು. ಪಟ್ಟಿ ಕಳಚಿದ ಕೂಡ್ಲೆ ಅಂಗಳದ ತುಂಬ ಒಂದು ಸುತ್ತು ಓಡಿ ಬಂದು ಅವ್ವನ ಕಾಲಾಗ ಬಿದ್ದಳು. ಈಗ ಊಟ ಸ್ವಲ್ಪ ಕಡಿಮಿ ಹಾಕ್ತೀವಿ, ಆಪರೇಷನ್ ಆದ ನಾಯಿ ಬೇಗ ದಪ್ಪ ಆಗ್ತಾವಂತ. ಮುಂಚಿನ ಹಂಗಽ ಇದ್ದಾಳ. ಅದಽ ಬೊಗಳೋದು, ಅದಽ ಚಪ್ಪಲ್ ಕದಿಯೋದು.

ಮೊನ್ನೆ ಬಾಜೂ ಮನಿ ಮಾವಶಿ ಬಂದಿದ್ರು. ಬೆಳ್ಳಿ ಹೊಟ್ಟಿ ಮ್ಯಾಲಿನ ಗೆರಿ ಕನ್ನಡಕ ಹಾಕ್ಕೊಂಡು ನೋಡಿದ್ರು. ಕೂದಲಾ ಬೆಳದು ಅರ್ಧ ಮುಚ್ಚಿತ್ತು. ಹೋಗೋಮುಂದ ಹೊಸ್ತಿಲದಾಗ ನಿಂತು, "ಅಲ್ಲವಾ, ಹಿಂದಿನ ರಾತ್ರಿ ಹಾಲೂ ಕೊಡಬಾರದೇನು? ನಮ್ಮ ಚುಕ್ಕಿ ಹಾಲಿಲ್ಲದ ಮಲಗೂದಿಲ್ಲ" ಅಂದ್ರು. ಹಾಲೂ ಇಲ್ಲ ಮಾವಶಿ, ನೀರು ಅಷ್ಟಽ ಅಂದೆ.

ಇನ್ನ ಫೋನಿನಾಗ ನಕ್ಕ ನಮ್ಮ ನೆಗೆಣ್ಣಿ. ಆಕಿಗೆ ವರ್ಷದಿಂದ ಹೊಟ್ಟಿನೋವಿತ್ತು, ಯಾರ ಮುಂದೂ ಹೇಳಿರಲಿಲ್ಲ. ಬರೋ ತಿಂಗಳು ಗರ್ಭಕೋಶದ ಆಪರೇಷನ್ ಅದ. ಎರಡು ವಾರ ಆದ ಮ್ಯಾಲೆ ಮನಿ ಕೆಲಸ ಹಿಡೀತೀನಿ, ಹುಡುಗನ ಪರೀಕ್ಷಾ ಅದ ಅಂತಿದ್ಲು. ನಾನು ಆಕಿ ಗಂಡನ್ನಽ ಫೋನಿಗೆ ಕರದು, "ಭಾವಜಿ, ಎಷ್ಟು ದಿನ ಮಲಗಬೇಕಂತ ಡಾಕ್ಟರನ್ನ ನೀವು ಕೇಳ್ರಿ, ಆಕಿ ಕೇಳೂದಿಲ್ಲ" ಅಂದೆ. ಕೇಳ್ಯಾರ. ಆರು ವಾರ ಅಂದ್ರಂತ. ಮೊದಲನೇ ಎರಡು ವಾರಕ್ಕ ನಾನು ಹೋಗ್ತೀನಿ, ಮುಂದಿನ ಎರಡಕ್ಕ ನಮ್ಮ ತಂಗಿ. ಉಳಿದ ಎರಡು ವಾರಕ್ಕ ರೊಟ್ಟಿ ಬಡಿಯೋವ್ರು ಯಾರು ಅಂತ ನಿಮ್ಮೊಳಗ ಯಾರರೆ ಬೇಗ ತಿಳಸ್ರಿ.